ಅಟ್ಟದಿಂದ ಬಿದ್ದ ಕಾಯಿ

ಕೊಬ್ಬರಿ ಅಟ್ಟದ ವಾಸನೆ ಸಿಹಿಯಾಗಿರುತ್ತದೆ ಎಂದು ನಮ್ಮ ಸೀಮೆಯವರು ಯಾರೇ ಹೇಳಿದರೂ ನಂಬಬೇಡಿ. ಬೇಸಿಗೆ ರಜೆ, ಕೊಬ್ಬರಿ ಬೆಲ್ಲ ಎಂದು ಕಣ್ಣು ಮುಚ್ಚಿ ನೆನೆಯುವವರು ಆ ಅಟ್ಟದ ಕೆಳಗಿನ ಕೋಣೆಯಲ್ಲಿ ಬಾಗಿಲು ಹಾಕಿಸಿಕೊಂಡು ಕೂತವರಲ್ಲ. ಅಲ್ಲಿ ಮೊದಲು ಮೂಗಿಗೆ ಬರುವುದು ಒಣಸಿಪ್ಪೆಯ ದೂಳು, ಆಮೇಲೆ ಇಲಿಯ ಉಚ್ಚೆ, ಅದರ ಹಿಂದೆ ಎಲ್ಲೋ ಕೆಟ್ಟುಹೋದ ಒಂದು ಕಾಯಿಯಿಂದ ನಿಧಾನವಾಗಿ ಇಳಿಯುವ ಕಮಟು. ಅದು ಗಂಟಲಿಗೆ ಅಂಟಿದರೆ ನೀರು ಕುಡಿದರೂ ಹೋಗುವುದಿಲ್ಲ. ಮೊನ್ನೆ ತಿಪಟೂರಿನಲ್ಲಿ ಮಂಡಿಯೊಂದರ ಮುಂದೆ ಲಾರಿಗೆ ಏರಿಸುತ್ತಿದ್ದ ಚೀಲ ಹರಿದು ಕೊಬ್ಬರಿ ಗಿಟುಕುಗಳು ರಸ್ತೆಗೆ ಉರುಳಿದಾಗ ಅದೇ ಕಮಟು ಮುಖಕ್ಕೆ ಹೊಡೆಯಿತು. ಜನ ನಗುತ್ತ ಆರಿಸಿಕೊಡುತ್ತಿದ್ದರು. ನನಗೆ ಚಿಕ್ಕಮ್ಮ ನೆನಪಾದರು.

ನಮ್ಮ ಮನೆಯವರು ಹೇಳುವ ಕತೆ ಚಿಕ್ಕದು, ಅದಕ್ಕೇ ಇಷ್ಟು ವರ್ಷ ಬಾಳಿದೆ. ಬಸುರಿಯಾಗಿದ್ದ ಚಿಕ್ಕಮ್ಮ ಸೂರ್ಯಗ್ರಹಣದ ಹೊತ್ತಿನಲ್ಲಿ ಹಸಿವು ತಾಳದೆ ಕಾಯಿ ಒಡೆದು ತಿಂದರು, ಅದಕ್ಕೇ ಮಗುವಿನ ತುಟಿ ಸೀಳಿತು. ಇಷ್ಟೇ. ನನ್ನ ಸೋದರತ್ತೆ ಇದನ್ನು ಮದುವೆಮನೆಗಳಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳುತ್ತಾರೆ: “ಬಾಯಿ ಚಪಲ ಕಣ್ರೀ. ಒಂದೊತ್ತು ತಡ್ಕಳಕಾಗ್ಲಿಲ್ಲ.” ಕೇಳಿದವರು ಅಯ್ಯೋ ಪಾಪ ಎಂದು ಲೊಚಗುಟ್ಟಿ ಇನ್ನೊಂದು ಹೋಳಿಗೆಗೆ ಕೈ ಒಡ್ಡುತ್ತಾರೆ. ಸುಳ್ಳನ್ನು ನಾನು ಸಹಿಸಬಲ್ಲೆ, ವಾದಕ್ಕೆ ನಿಂತವರೆಲ್ಲ ಒಂದಷ್ಟು ಸುಳ್ಳು ಕೇಳಿಯೇ ಇರುತ್ತಾರೆ. ನನಗೆ ಹೇಸಿಗೆ ಹುಟ್ಟಿಸುವುದು ಆ ರುಚಿ. ಸತ್ತ ಮಗುವೊಂದನ್ನು ಎಲೆಯ ತುದಿಯ ಉಪ್ಪಿನಕಾಯಿಯ ಹಾಗೆ ನಂಚಿಕೊಳ್ಳುವ ರುಚಿ.

ಹಂದನಕೆರೆಯ ಹತ್ತಿರದ ಆ ಮನೆ ಈಗಿಲ್ಲ. ಅಜ್ಜಿ ಹೋದಮೇಲೆ ಅಪ್ಪ, ಚಿಕ್ಕಪ್ಪ ಭಾಗವಾದರು, ತೊಲೆಗಳು ಮಾರಾಟವಾದವು, ಅಟ್ಟ ಇದ್ದ ಕಡೆ ಈಗ ಸಿಮೆಂಟಿನ ಶೆಡ್ಡು ನಿಂತಿದೆ. ಆಗ ನಡುಮನೆಯ ಹಿಂದಿನ ಕೋಣೆಯ ಮೇಲೆ ಬಿದಿರು ದಬ್ಬೆ ಹಾಸಿ, ಸಿಪ್ಪೆಗಾಯಿಗಳನ್ನು ರಾಶಿ ಹಾಕಿ, ವರ್ಷದ ಹತ್ತಿರ ಒಣಗಲು ಬಿಡುತ್ತಿದ್ದರು. ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಡುತ್ತಿತ್ತು. ಅಜ್ಜಿ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಇದು ಮಾತಾಡ್ತದೆ” ಎಂದರೆ ಅದು ಕೆಳಗಿಳಿಯುತ್ತಿತ್ತು. ಮಾಯಸಂದ್ರದ ಕಡೆಯಿಂದ ಮದುವೆಯಾಗಿ ಬಂದ ಚಿಕ್ಕಮ್ಮ ನನಗೆ ಜಡೆ ಹಾಕುವಾಗ ಅಜ್ಜಿಯ ಅಣಕ ಮಾಡುತ್ತಿದ್ದರು. ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ, “ಇದೂ ಮಾತಾಡ್ತದೆ ಕಣೇ, ಇಳಿಸ್ಬುಡಣ” ಎಂದು ನಗುತ್ತಿದ್ದರು. ಆ ನಗು ಕೊಟ್ಟಿಗೆಯವರೆಗೂ ಕೇಳಿಸುತ್ತಿತ್ತು. ಸೊಸೆಯಾದವಳು ಇಷ್ಟು ಜೋರಾಗಿ ನಗಬಾರದು ಎಂದು ಅಜ್ಜಿ ಗೊಣಗಿದರೂ ಅವರ ತುಟಿಯ ಕೊನೆಯಲ್ಲೂ ಒಂದು ನಗು ಉಳಿದಿರುತ್ತಿತ್ತು. ಅಜ್ಜಿ ಕೆಟ್ಟವರಾಗಿದ್ದರೆ ನನ್ನ ವಾದ ಎಷ್ಟು ಸುಲಭವಾಗುತ್ತಿತ್ತು.

ಆ ವರ್ಷ ಸಂಕ್ರಾಂತಿಯ ಮಾರನೇ ದಿನವೇ ಗ್ರಹಣ, ಅದೂ ನಡುಹಗಲಿನಲ್ಲಿ. ಚಿಕ್ಕಮ್ಮನಿಗೆ ಏಳನೇ ತಿಂಗಳು ತುಂಬಿ, ಸೀಮಂತದ ಹಸಿರು ಬಳೆ ಕೈತುಂಬ ಇದ್ದವು. ನಮ್ಮದು ಲಿಂಗ ಕಟ್ಟುವ ಮನೆ. ಹೆರಿಗೆಯಾದರೂ ಸಾವಾದರೂ ನಮಗೆ ಸೂತಕವಿಲ್ಲ ಎಂದು ಅಜ್ಜಿಯೇ ಬಂದವರ ಮುಂದೆ ಹೆಮ್ಮೆಪಡುತ್ತಿದ್ದರು. ಹಾಗಾದರೆ ಗ್ರಹಣಕ್ಕೆ ಯಾಕೆ ಎಂದು ಚಿಕ್ಕಮ್ಮ ಕೇಳಿದ್ದಕ್ಕೆ, “ಅದು ಬ್ಯಾರೆ ಕಣೇ. ಸೂತಕ ಮನೇದು, ಗ್ರಹಣ ಆಕಾಶದ್ದು” ಎಂದುಬಿಟ್ಟರು. ನೀರಿನ ಹಂಡೆಗೆ, ಮೊಸರಿನ ಗಡಿಗೆಗೆ ದರ್ಬೆ ಬಿತ್ತು. ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿ, ಗ್ರಹಣ ಹಿಡಿದಾಗ ಮಾತ್ರ ಅದು ಹೀಗೆ ನಿಲ್ಲುವುದು ಎಂದರು. (ಮುಂದಿನ ವಾರ ನಾನು ನಿಲ್ಲಿಸಿ ನೋಡಿದೆ. ನಿಂತಿತು.) ಬಸುರಿಯ ಮೇಲೆ ಗ್ರಹಣದ ಬೆಳಕು ಒಂದು ಎಳೆಯೂ ಬೀಳಬಾರದು, ಅವಳು ಏನನ್ನೂ ಹೆಚ್ಚಬಾರದು, ಹರಿಯಬಾರದು, ಒಡೆಯಬಾರದು, ಒಂದು ತೊಟ್ಟು ನೀರನ್ನೂ ಮುಟ್ಟಬಾರದು. ಇಡೀ ಮನೆಯಲ್ಲಿ ಕಿಟಕಿಯೇ ಇಲ್ಲದ ಕೋಣೆ ಒಂದೇ, ಅಟ್ಟದ ಕೆಳಗಿನದು. ಚಿಕ್ಕಮ್ಮನನ್ನು ಚಾಪೆಯ ಮೇಲೆ ಕೂಡಿಸಿ ಹೊರಗಿನಿಂದ ಅಗುಳಿ ಹಾಕಿದರು. ಅಗುಳಿ ಬೀಳುವ ಮುಂಚೆ ಅವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, “ನಾನೂ ಅಟ್ಟಕ್ಕೆ ಹಾಕಿದ ಕಾಯಾದೆ” ಎಂದರು.

ಮನೆಯ ಬಾಗಿಲುಗಳೆಲ್ಲ ಮುಚ್ಚಿದ್ದವು. ನಾನು ಹಿತ್ತಿಲ ಬಾಗಿಲಿನ ಬಿರುಕಿಗೆ ಕಣ್ಣಿಟ್ಟೆ. ತೆಂಗಿನ ಗರಿಗಳ ಸಂದಿಯಿಂದ ನೆಲಕ್ಕೆ ಬೀಳುವ ದುಂಡು ಬಿಸಿಲಿನ ಚುಕ್ಕೆಗಳು ಅಂದು ಒಂದೊಂದೂ ಕುಡುಗೋಲಿನ ಹಾಗೆ ಬಾಗಿದ್ದವು. ಹಿತ್ತಿಲ ತುಂಬ ಸಾವಿರ ಎಳೆಸೂರ್ಯರು ಮಲಗಿದ್ದರು, ನೋಡುವವರೇ ಇರಲಿಲ್ಲ. ನನ್ನ ಬಾಲ್ಯದಲ್ಲಿ ಅಷ್ಟು ಚೆಂದದ್ದನ್ನು ನಾನು ಮತ್ತೆ ಕಾಣಲಿಲ್ಲ. ಆಗಲೇ ಅಟ್ಟದ ಮೇಲೆ ಏನೋ ಓಡಿತು, ಇಲಿಯೋ ಬೆಕ್ಕೋ. ಕಾಯಿಗಳು ಗಡಗಡ ಉರುಳಿದವು. ಆಮೇಲೆ ಕೋಣೆಯೊಳಗೆ ದೊಪ್ಪೆಂದು ಏನೋ ಬಿತ್ತು, ಚಿಕ್ಕಮ್ಮ ಕಿರುಚಿದರು. ಯಾರೂ ಬಾಗಿಲು ತೆಗೆಯಲಿಲ್ಲ. “ಬುಡೋವರ್ಗೂ ತೆಗೀಬ್ಯಾಡ್ರಿ” ಎಂದು ಅಜ್ಜಿ ಬಾಗಿಲಿಗೆ ಅಡ್ಡ ಕೂತರು.

ಗ್ರಹಣ ಬಿಟ್ಟು ಎಲ್ಲರೂ ತಲೆಗೆ ನೀರು ಹಾಕಿಕೊಂಡಮೇಲೆ ಅಗುಳಿ ತೆಗೆದರು. ಚಿಕ್ಕಮ್ಮ ಮೂಲೆಗೆ ಮುದುರಿ ಕೂತಿದ್ದರು. ಚಾಪೆಯ ಮೇಲೆ, ಅವರು ಮೊದಲು ಕೂತಿದ್ದ ಜಾಗದ ಪಕ್ಕದಲ್ಲೇ, ಚಿಪ್ಪು ಎರಡು ಹೋಳಾದ ಒಂದು ಕಾಯಿ. ಸಿಪ್ಪೆ ಹೇಗೂ ಇಲಿ ಕಡಿದು ಅರ್ಧ ಹೋಗಿತ್ತು. ಒಳಗಿನ ಗಿಟುಕಿನ ಅಂಚಿನಲ್ಲಿ ಒಂದು ಚೂರು ಇರಲಿಲ್ಲ. ತಲೆಯ ಮೇಲೆ, ದಬ್ಬೆ ಸರಿದು ಒಂದು ಕಂಡಿ ಬಾಯಿಬಿಟ್ಟಿತ್ತು. ಯಾರೂ ಮೇಲೆ ನೋಡಲಿಲ್ಲ. “ಒಡ್ಕೊಂಡು ತಿಂದ್ಯೇನೇ?” ಎಂದರು ಅಜ್ಜಿ. ಮೊದಲು ಉರುಳಿದ ಸದ್ದು ಬಂತು, ಆಮೇಲೆ ಬಿದ್ದಿದ್ದು ಎಂದು ನಾನು ಕೂಗಿ ಹೇಳಿದೆ. “ನಿಂಗೆ ಬಾಯಿ ಜಾಸ್ತಿ, ಹೋಗಾಚೆ” ಎಂದು ಸೋದರತ್ತೆ ತಲೆಗೆ ಮೊಟಕಿದರು. ನಾನು ಸೋತ ಮೊದಲ ವಾದ ಅದು. ಒಂದು ಗೇಣು ಈಚೆ ಬಿದ್ದಿದ್ದರೆ ಆ ಕಾಯಿ ಬಸುರಿಯ ನೆತ್ತಿ ಒಡೆಯುತ್ತಿತ್ತು. ಆವತ್ತಿನ ಅಪಾಯ ಆಕಾಶದಲ್ಲಿರಲಿಲ್ಲ, ನಮ್ಮದೇ ಅಟ್ಟದಲ್ಲಿತ್ತು. ಅದರ ಕೆಳಗೇ ಅವರನ್ನು ಕೂಡಿಸಿ ಅಗುಳಿ ಹಾಕಿದವರು, ಬದುಕಿದೆಯಲ್ಲ ತಾಯಿ ಎನ್ನುವ ಬದಲು ಬಾಯಿ ತೆರೆಸಿ ಹಲ್ಲಿನ ಸಂದಿಯಲ್ಲಿ ಕೊಬ್ಬರಿ ಇದೆಯೇ ಎಂದು ನೋಡಿದರು.

ಯುಗಾದಿ ಕಳೆದು ಹುಟ್ಟಿದ ಗಂಡುಮಗುವಿನ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು, ಅಂಗುಳವೂ. ಒಳಲೆಯಲ್ಲಿ ಹಾಲು ಹಾಕಿದರೆ ಅರ್ಧ ಮೂಗಿನಿಂದ ಹೊರಗೆ ಬರುತ್ತಿತ್ತು. ಚಿಕ್ಕಮ್ಮ ಸೆರಗಿನಲ್ಲಿ ಒರೆಸುತ್ತಿದ್ದರು, ಮತ್ತೆ ಒಂದು ತೊಟ್ಟು ಹಾಕುತ್ತಿದ್ದರು. ಆ ಸೆರಗಿನ ಹುಳಿಹಾಲಿನ ವಾಸನೆ ನನಗೆ ಇಂದಿಗೂ ಗೊತ್ತು. ಊರಿಗೆ ಬರುತ್ತಿದ್ದ ನರ್ಸಮ್ಮ ತುಮಕೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ, ಹಾಲು ಕುಡಿಸುವ ಕ್ರಮ ಹೇಳಿಕೊಡುತ್ತಾರೆ, ಆಮೇಲೆ ಹೊಲಿಯುತ್ತಾರೆ ಎಂದು ಎರಡು ಸಲ ಬಂದು ಹೇಳಿದರು. “ಗ್ರಹಣ ಹರಿದಿದ್ದನ್ನ ಸೂಜಿ ದಾರದಲ್ಲಿ ಹೊಲಿತಾರೇನವ್ವಾ?” ಎಂದು ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಚಿಕ್ಕಪ್ಪ ದೇವರಿಗೆ ಹರಕೆ ಕಟ್ಟಿದರು. ಗೌರಿ ಹಬ್ಬದ ಹೊತ್ತಿಗೆ ಮಗು ಇರಲಿಲ್ಲ. ಅವನಿಗೊಂದು ಹೆಸರನ್ನೂ ಇಟ್ಟಿರಲಿಲ್ಲ, ದೋಷ ಕಳೆಯಲಿ ಎಂದು ಕಾಯುತ್ತಿದ್ದರು. ತೋಟದ ಬದುವಿನಲ್ಲಿ ಮಣ್ಣು ಮಾಡಿದ ದಿನ ಅಜ್ಜಿ ಅತ್ತರು, ನಿಜವಾಗಿ ಅತ್ತರು. ಅಳುತ್ತಲೇ, “ಒಂದೊತ್ತು ತಡ್ಕಬಾರದಾಗಿತ್ತಾ ಮಗಳೇ” ಎಂದರು. ಚಿಕ್ಕಮ್ಮನ ಆ ನಗು ಕೊಟ್ಟಿಗೆಯವರೆಗೆ ಕೇಳಿಸುವುದು ಅಲ್ಲಿಗೆ ನಿಂತಿತು. ಚಿಕ್ಕಮ್ಮನಿಗೆ ಮತ್ತೆ ಮಕ್ಕಳಾಗಲಿಲ್ಲ.

ದೊಡ್ಡವಳಾದಮೇಲೆ ನಾನು ಓದಿಕೊಂಡೆ. ತುಟಿ, ಅಂಗುಳ ಕೂಡಿಕೊಳ್ಳುವುದು ಬಸುರಿನ ಮೊದಲ ತಿಂಗಳುಗಳಲ್ಲಿ. ಕೈಗೆ ಹಸಿರು ಬಳೆ ಏರುವ ಎಷ್ಟೋ ಮೊದಲೇ ಆ ಮಗುವಿನ ತುಟಿ ಆಗುವುದು ಆಗಿಹೋಗಿತ್ತು. ಇದನ್ನು ಸೋದರತ್ತೆಗೆ ಬೆರಳು ಮಡಚಿ ಲೆಕ್ಕ ಹಾಕಿ ತೋರಿಸಿದೆ. “ಓದಿದ್ದು ಜಾಸ್ತಿಯಾಯ್ತು ನಿಂಗೆ” ಎಂದು ಟಿವಿಯ ಸದ್ದು ಹೆಚ್ಚಿಸಿದರು. ಟಿವಿಯಲ್ಲಿ ಹಣೆತುಂಬ ಗಂಧ ಬಳಿದುಕೊಂಡವನೊಬ್ಬ ಮುಂದಿನ ಗ್ರಹಣ ಯಾವ ರಾಶಿಯವರನ್ನು ನುಂಗುತ್ತದೆ ಎಂದು ಹೇಳುತ್ತಿದ್ದ.

ಆ ಮುಂದಿನ ಗ್ರಹಣ ಇದೇ ಕಾಮನ ಹುಣ್ಣಿಮೆಯದು. ನಮ್ಮ ಕಡೆ ಚಂದ್ರ ಹುಟ್ಟುವಾಗಲೇ ಹಿಡಿದಿದ್ದು, ಸ್ವಲ್ಪ ಹೊತ್ತಿಗೆಲ್ಲ ಬಿಡುತ್ತದೆ. ತೆಂಗಿನ ಗರಿಗಳಿಂದ ಚಂದ್ರ ಮೇಲೇಳುವಷ್ಟರಲ್ಲಿ ನೋಡಲು ಏನೂ ಉಳಿದಿರುವುದಿಲ್ಲ. ಬರುವ ವರ್ಷದ ಸೂರ್ಯಗ್ರಹಣವೂ ನಮಗೆ ಸಂಜೆಯ ಸೂರ್ಯನ ಅಂಚು ಕಚ್ಚಿದಷ್ಟೇ. ಆದರೆ ತಿಪಟೂರಿನ ನಮ್ಮ ಮನೆಯಲ್ಲಿ ಅಣ್ಣನ ಹೆಂಡತಿ ರೇಖಾಗೆ ಏಳು ತಿಂಗಳು ತುಂಬಿದೆ. ನಿನ್ನೆ ತವರು ಮಾಯಸಂದ್ರದಿಂದ ಬಸ್ಸಿನಲ್ಲಿ ಚಿಕ್ಕಮ್ಮ ಬಂದಿಳಿದರು, ಪ್ಲಾಸ್ಟಿಕ್ ಕವರಿನಲ್ಲಿ ದರ್ಬೆ ಹಿಡಿದುಕೊಂಡು. ಬಂದವರೇ ಕಿಟಕಿ ಇಲ್ಲದ ಜಾಗ ಯಾವುದೆಂದು ಮನೆಯೆಲ್ಲ ಸುತ್ತಿ, ಸಾಮಾನು ಕೋಣೆಯಿಂದ ಗ್ಯಾಸ್ ಸಿಲಿಂಡರ್ ಹೊರಗಿಟ್ಟು, ನೆಲ ಗುಡಿಸತೊಡಗಿದರು. ಆ ಬಗ್ಗಿದ ಬೆನ್ನು ನೋಡುತ್ತ ನನಗೆ ಬಂದ ಹೇಸಿಗೆ ಯಾರ ಮೇಲೆಂದು ನನಗೇ ತಿಳಿಯಲಿಲ್ಲ.

ರೇಖಾ ಡಿಗ್ರಿ ಓದಿದವಳು. ನೀನಾದರೂ ಬೇಡ ಎನ್ನು ಎಂದೆ. “ಚಂದ್ರನ ಭಯ ನಂಗೇನಿಲ್ಲ ಕಣೇ. ನಾಳೆ ಮಗೂಗೆ ಒಂದು ಮಚ್ಚೆ ಇದ್ರೂ ನನ್ನನ್ನೇ ಅಂತಾರಲ್ಲ, ಅದಕ್ಕೆ” ಎಂದು ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ನಾನು ಚಿಕ್ಕಮ್ಮನ ಎದುರು ಕೂತು ತಿಂಗಳಿನ ಲೆಕ್ಕ ಹೇಳಿದೆ, ಭೂಮಿಯ ನೆರಳಿನ ಲೆಕ್ಕ ಹೇಳಿದೆ, ಸರಿದಿದ್ದ ದಬ್ಬೆಯನ್ನು ನಾನು ಕಂಡಿದ್ದೆ ಎಂದೆ. ಅವರು ಪೊರಕೆ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡರು. “ವಾದದಲ್ಲಿ ನೀನೇ ಗೆದ್ದೆ ಬುಡವ್ವ” ಎಂದರು ಕೊನೆಗೆ. “ಒಂದರ್ಧ ಗಂಟೆ ಒಳಗೆ ಕೂತ್ಕಂಡ್ರೆ ಇವಳದೇನು ಹೋಯ್ತದೆ? ಆಮ್ಯಾಕೆ ಯಾರೂ ಇವಳನ್ನ ಒಂದು ಮಾತು ಅನ್ನಂಗಿರಲ್ಲ.”

ಪೊರಕೆಯನ್ನು ಅವರ ಕೈಯಿಂದ ತೆಗೆದುಕೊಂಡೆ. ಆ ಕೈ ಹಗುರವಾಗಿತ್ತು, ತಡೆಯಲಿಲ್ಲ.

“ನೀವು ಒಳಗೇ ಕೂತಿದ್ರಲ್ಲ ಚಿಕ್ಕಮ್ಮ, ಬಿಟ್ರಾ ನಿಮ್ಮನ್ನ?”