ಕತ್ತಲಾಗುತ್ತದೆಂದು ಬರೆಸಿದ ಠರಾವು

ಆ ಠರಾವನ್ನು ಬರೆಸಿದವನು ನಾನೇ. ಆಗ ನಮ್ಮೂರ ಹೈಸ್ಕೂಲಿನ ಸಮಿತಿಗೆ ಅಧ್ಯಕ್ಷನಾಗಿದ್ದೆ. ಹೊರ್ತಿಯ ಕಡೆ ದೊಡ್ಡ ಲಿಂಬೆ ತೋಟ ಇದ್ದವನಿಗೆ ಊರಲ್ಲಿ ಎದುರಾಡುವವರು ಕಡಿಮೆ.

ಹತ್ತನೇ ತರಗತಿಯ ಮಕ್ಕಳನ್ನು ಸಂಜೆ ಏಳರವರೆಗೆ ಶಾಲೆಯಲ್ಲೇ ಕೂರಿಸಿ ಓದಿಸಲು ಸರ್ಕಾರ ಅನುದಾನ ಕೊಡುತ್ತದೆ, ಪಾಲಕರ ಒಪ್ಪಿಗೆ ಬೇಕು ಎಂದು, ಊರವರು ಬಾಯಾರು ಎಂದು ಕರೆಯುವ ಮುಖ್ಯ ಶಿಕ್ಷಕಿ ಸಭೆ ಕರೆದರು. ಮಕ್ಕಳ ಉಪಾಹಾರವೂ ಅದರಲ್ಲೇ ಇತ್ತು. ನಮ್ಮಿಂದ ಬೇಕಾದದ್ದು ಸಹಿ ಮಾತ್ರ.

ನನ್ನ ಚಿಂತೆ ಬೇರೆ. ಹಗಲು ಕೊಯ್ದ ಲಿಂಬೆಯನ್ನು ಸಂಜೆ ದಪ್ಪದ್ದು, ಸಣ್ಣದ್ದು, ಕಲೆ ಬಿದ್ದದ್ದು ಎಂದು ಬೇರೆ ಮಾಡಿ ಚೀಲ ತುಂಬಬೇಕು. ಆ ಕೆಲಸಕ್ಕೆ ಶಾಲೆ ಬಿಟ್ಟೊಡನೆ ಹುಡುಗಿಯರು ಬರುತ್ತಿದ್ದರು. ಅವರ ಕೈ ಚುರುಕು. ಇದನ್ನು ಸಭೆಯಲ್ಲಿ ಹೇಳಲಿಲ್ಲ.

“ಕತ್ತಲಾಗತೈತಿ. ವಯಸ್ಸಿಗೆ ಬಂದ ಹೆಣ್ಮಕ್ಕಳು. ನಾಳೆ ಏನರ ಆದ್ರ ಯಾರು ಹೊಣಿ?” ಎಂದೆ. ಗಂಡಸರು ತಲೆಯಾಡಿಸಿದರು.

ಹಿಂದಿನಿಂದ ಒಬ್ಬ ತಾಯಿ ಎದ್ದಳು. ನನ್ನ ತೋಟದಲ್ಲೇ ದುಡಿಯುವವಳು. ಅವಳ ಮಗಳೂ ಸಂಜೆ ಬರುತ್ತಿದ್ದಳು. “ಗಣಿತ ಒಂದ ತಿಳಿವಲ್ದು ಅಂತ ಅಳತಾಳ್ರಿ. ಸಾಲ್ಯಾಗ ಕುಂತ್ರ ಕಲೀತಾಳ.”

“ಕತ್ತಲದಾಗ ಹೆಂಗ ಬರ್ತಾಳ?” ಎಂದೆ.

“ನಿಮ್ಮ ಲಿಂಬಿಕಾಯಿ ಆರಿಸಿ ಬರೂಮುಂದ ಹೊತ್ತು ಮುಳುಗಿರಂಗಿಲ್ಲೇನ್ರಿ, ಯಪ್ಪಾ?”

ಯಾರೋ ಕಿಸಕ್ಕನೆ ನಕ್ಕರು. ನನ್ನ ಮುಖ ನೋಡಿ ಸುಮ್ಮನಾದರು. “ಇಕಿ ವಕೀಲಿ ಮಾಡಬೇಕಿತ್ತು ನೋಡ್ರಿ” ಎಂದು ನಾನೇ ಎಲ್ಲರನ್ನೂ ನಗಿಸಿ, ಹೆಣ್ಣುಮಕ್ಕಳ ಸುರಕ್ಷತೆಯ ಸಲುವಾಗಿ ಸಂಜೆ ತರಗತಿ ಬೇಡವೆಂದು ಬರೆಸಿದೆ. ಕೊನೆಗೆ ಅವಳೂ ಹೆಬ್ಬೆಟ್ಟು ಒತ್ತಿದಳು. ಮರುದಿನ ಅವಳು ನನ್ನ ತೋಟಕ್ಕೇ ಬರಬೇಕಿತ್ತು. ಅನುದಾನ ಬೇರೆ ಊರಿನ ಶಾಲೆಗೆ ಹೋಯಿತು.

ಅದೇ ಚಳಿಗಾಲದಲ್ಲಿ ನನ್ನ ಮೊಮ್ಮಗಳನ್ನು ಇಂಡಿಯಲ್ಲಿ ಟ್ಯೂಷನ್ನಿಗೆ ಹಾಕಿದ್ದೆ. ಏಳು ಗಂಟೆಗೆ ಬೈಕಿನಲ್ಲಿ ಕರೆತರುವಾಗ, ತೋಟದಿಂದ ನಡೆದು ಬರುವ ಹುಡುಗಿಯರು ದೀಪದ ಬೆಳಕಿಗೆ ರಸ್ತೆ ಬದಿಗೆ ಸರಿಯುತ್ತಿದ್ದರು. ಮೊಮ್ಮಗಳು ಕೈ ಬೀಸುತ್ತಿದ್ದಳು. ನಾನು ಗಾಡಿ ನಿಧಾನ ಮಾಡುತ್ತಿರಲಿಲ್ಲ.

ಆ ತಾಯಿಯ ಮಗಳು ಗಣಿತದಲ್ಲಿ ನಪಾಸಾದಳು. ಫಲಿತಾಂಶದ ಮರುದಿನ ಮುಂಜಾನೆಯೇ ತೋಟಕ್ಕೆ ಬಂದು ಕೂತಳು. ಇನ್ನು ಇಡೀ ದಿನ ಸಿಗುತ್ತಾಳಲ್ಲ ಎಂದು ನನಗೆ ಸಮಾಧಾನವೇ ಆಗಿತ್ತು. ಇದನ್ನೆಲ್ಲ ಬರೆಯುವಾಗ ನನ್ನ ಕೈ ತಡೆದದ್ದು ಈ ಸಾಲಿನ ಹತ್ತಿರವೇ.

ಈ ವರ್ಷ ಅನುದಾನ ಮತ್ತೆ ಬಂತು. ಈಗ ನಾನು ಅಧ್ಯಕ್ಷನಲ್ಲ. ಆದರೂ ಸಭೆಗೆ ಹೋಗಿ ಎದ್ದು ನಿಂತೆ. “ಅವತ್ತ ನಾ ಕತ್ತಲಕ್ಕ ಅಂಜಿದ್ದಿಲ್ಲ. ಲಿಂಬಿಕಾಯಿ ಆರಿಸಾಕ ಮಂದಿ ಕಡಿಮಿ ಬೀಳ್ತಾರಂತ ಹಂಗ ಬರಸಿದ್ದೆ” ಎಂದೆ.

ಯಾರಿಗೂ ಆಶ್ಚರ್ಯವಾಗಲಿಲ್ಲ. ಅದೇ ತಾಯಿ ಮುಂದಿನ ಸಾಲಿನಲ್ಲಿ ಕೂತಿದ್ದಳು.

“ಅವತ್ತ ಗೊತ್ತಿತ್ರಿ ಎಲ್ಲಾರಿಗೂ” ಎಂದಳು. “ಈಗ ನಮ್ಮ ಸಣ್ಣಾಕಿ ಹತ್ತನೇ ಕ್ಲಾಸಿನ್ಯಾಗ ಅದಾಳ. ನೀವು ಕುಂದರ್ರಿ, ಬಾಯಾರು ಠರಾವು ಬರೀಲಿ.”

ನಾನು ಕೂತೆ. ಮೊದಲ ಹೆಬ್ಬೆಟ್ಟು ಅವಳೇ ಒತ್ತಿದಳು.