ಹೊಳೆ ದಾಟಿದ ಗೊಂಬೆಗಳು

ಖಂಡಪ್ಪನನ್ನು ಕಲ್ಲೆದೆಯವನೆಂದು ಬೈದವರೇ ಹೆಚ್ಚು. ಬೈಯುವುದಕ್ಕೇನು, ಎಲುಬಿಲ್ಲದ ನಾಲಿಗೆ. ಊರು ಬಿಟ್ಟು ಬಂದವರ ಶಿಬಿರದಲ್ಲಿ ನಮ್ಮವ್ವ ಅವನ ಪಕ್ಕದ ಡೇರೆಯಲ್ಲಿದ್ದಳು. ಕಣ್ಣಾರೆ ಕಂಡದ್ದನ್ನು ಅವಳು ಹೇಳುತ್ತಿದ್ದಳು, ಅದನ್ನೇ ನಾನು ಹೇಳುತ್ತಿದ್ದೇನೆ.

ಅಫಜಲಪುರ ತಾಲೂಕಿನ ಹವಳಗಾದವನು ಖಂಡಪ್ಪ. ತೊಗಲು ಗೊಂಬೆ ಆಡಿಸುವ ಮನೆತನ. ಹೆಂಡತಿ ದ್ರೌಪದಿ ಪರದೆಯ ಹಿಂದೆ ಕೂತು ಹೆಣ್ಣು ಪಾತ್ರಗಳಿಗೆಲ್ಲ ದನಿ ಕೊಡುತ್ತಿದ್ದಳು. ಏಳು ವರ್ಷದ ಮಗಳು ನಿಂಬೆವ್ವ ಗೊಂಬೆಗಳನ್ನು ಒಂದೊಂದಾಗಿ ಅಪ್ಪನ ಕೈಗೆ ಕೊಡುತ್ತಿದ್ದಳು. ಆ ಮನೆಯಲ್ಲಿ ಗೊಂಬೆಯೆಂದರೆ ದೇವರು. ಹರಿದು ಹಳೆಯದಾದ ಗೊಂಬೆಯನ್ನು ಪೂಜೆ ಮಾಡಿ, ಸತ್ತವರನ್ನು ಕಳಿಸಿದ ಹಾಗೆ ಭೀಮಾ ಹೊಳೆಗೆ ಬಿಡಬೇಕು. ಪೂಜೆಯಿಲ್ಲದೆ ಗೊಂಬೆಯ ಗಂಟು ನೀರಿಗೆ ಬಿತ್ತೋ, ದೇವರು ಮುನಿದು ಎದ್ದುಹೋದಂತೆ. ಆಮೇಲೆ ಆ ಮನೆಯವರು ಪರದೆ ಕಟ್ಟುವಂತಿಲ್ಲ.

೧೯೪೭ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು, ನಿಜಾಮರ ಸೀಮೆಗೆ ಬರಲಿಲ್ಲ. ಮರುವರ್ಷ ಶ್ರಾವಣದ ಹೊತ್ತಿಗೆ ನಿಜಾಮರ ಪರ ಊರು ಸುಲಿಯುತ್ತಿದ್ದ ರಜಾಕಾರರ ಭಯಕ್ಕೆ ಜನ ಹೊಳೆ ದಾಟಿ ಆಚೆ ದಂಡೆಯ ಶಿಬಿರ ಸೇರತೊಡಗಿದರು. ಖಂಡಪ್ಪನೂ ಹೊರಟ. ಹೊಳೆ ತುಂಬಿತ್ತು, ಹರಗೋಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನ ತೊಡೆಯ ಮೇಲೆ ಗಂಟು, ಕೈಯಲ್ಲಿ ಮಗಳ ಕೈ, ಮಗಳ ಆಚೆ ಮಗ್ಗುಲಿಗೆ ದ್ರೌಪದಿ. ನಡುಹೊಳೆಯಲ್ಲಿ ಹರಗೋಲು ವಾಲಿತು, ಗಂಟು ಜಾರಿತು. ಖಂಡಪ್ಪನ ಎರಡೂ ಕೈ ಗಂಟಿಗೆ ಹೋದವು. ಯೋಚಿಸಿ ಮಾಡಿದ್ದಲ್ಲ, ಕೈಗೆ ಹತ್ತಿದ ರೂಢಿ. ದ್ರೌಪದಿಯ ಮುಷ್ಟಿಯಲ್ಲಿ ಮಗಳು ಉಟ್ಟಿದ್ದ ಪರಕಾರದ ಒಂದು ಚೂರು ಬಟ್ಟೆ ಉಳಿಯಿತು. ಹರಗೋಲು ನೆಟ್ಟಗಾದಾಗ ಗಂಟು ಇತ್ತು, ನಿಂಬೆವ್ವ ಇರಲಿಲ್ಲ.

ದ್ರೌಪದಿ ಗಂಡನ ಜೊತೆ ಮಾತು ಬಿಟ್ಟಳು. ಹೊತ್ತಿಗೆ ಸರಿಯಾಗಿ ರೊಟ್ಟಿ ಇಡುವಳು, ತುಟಿ ಬಿಚ್ಚಳು. ಬೇಸತ್ತ ಜನ ಆಟ ಆಡಿಸು ಎಂದಾಗ ಮಾತ್ರ ಪರದೆಯ ಹಿಂದೆ ಬಂದು ಪುರಾಣದ ರಾಣಿಯರ ಮಾತು ಹೇಳುವಳು. ಆ ರಾಣಿಯರು ಗಂಡನನ್ನು ಪ್ರಾಣಕಾಂತ ಎನ್ನುವಾಗ ಖಂಡಪ್ಪ ತಲೆ ತಗ್ಗಿಸುತ್ತಿದ್ದನಂತೆ. ಬೈದಿದ್ದರೂ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಒಂದು ದಿನ ಅವನು ಆಡಿನ ತೊಗಲು ತಂದು ಹೊಸ ಗೊಂಬೆ ಕೊರೆಯಲು ಕೂತ. ದೇವರೂ ಅಲ್ಲ, ರಾಕ್ಷಸರೂ ಅಲ್ಲ: ಒಬ್ಬ ಮುಂಡಾಸಿನವನು, ಒಬ್ಬ ಹೆಂಗಸು, ಎರಡು ಜಡೆಯ ಹುಡುಗಿ, ಒಂದು ಹರಗೋಲು. ಸ್ವಂತ ಕಥೆಯನ್ನು ಪರದೆಗೆ ತಂದವರು ಆ ಮನೆತನದಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಪುಟ್ಟ ಆಟ. ಅದರಲ್ಲಿ ಅಪ್ಪ ಮಗಳನ್ನು ಎರಡೂ ಕೈಯಿಂದ ತಬ್ಬಿರುತ್ತಾನೆ, ಹೊಳೆಯೇ ಅವಳನ್ನು ಕಿತ್ತುಕೊಂಡು ಹೋಗುತ್ತದೆ. ಜನ ಗೊಳೋ ಎಂದು ಅತ್ತರು. ಮನೆಮಠ ಬಿಟ್ಟು ಬಂದವರಿಗೆ ಅಳಲು ಒಂದು ನೆಪ ಬೇಕಿತ್ತು, ಮತ್ತೆ ಮತ್ತೆ ಅದನ್ನೇ ಕೇಳಿದರು. ದ್ರೌಪದಿ ಮಾತ್ರ ಆ ಆಟಕ್ಕೆ ದನಿ ಕೊಡಲಿಲ್ಲ. ಮಗಳ ಮಾತನ್ನೂ ಅವನೇ ಗಂಟಲು ಸಣ್ಣ ಮಾಡಿ ಹೇಳುತ್ತಿದ್ದ.

ದಸರೆ ಬರುವಷ್ಟರಲ್ಲಿ ನಿಜಾಮರ ಆಳ್ವಿಕೆ ಮುಗಿದಿತ್ತು. ಶಿಬಿರದವರು ಊರಿನ ದಾರಿ ಹಿಡಿದರು. ದ್ರೌಪದಿ ತಾನು ಗಂಡನ ಜೊತೆ ಹೋಗುವುದಿಲ್ಲ, ತವರಿಗೆ ಹೋಗುತ್ತೇನೆ ಎಂದು ನಮ್ಮವ್ವನ ಕೈಲಿ ಹೇಳಿಕಳಿಸಿದಳು. ಖಂಡಪ್ಪ ಬಂದು ಅವಳೆದುರು ನಿಂತ.

“ಏನ್ ಮಾಡಿದ್ರ ಬರ್ತಿ, ಅದನ್ನರೆ ಹೇಳು.”

“ಸುಳ್ಳ ಆಟ ಆಡಸಬ್ಯಾಡ್ರಿ,” ಎಂದಳು ದ್ರೌಪದಿ. “ಅವತ್ತ ನಿಮ್ಮ ಕೈ ಎಲ್ಲಿದ್ವು, ಅದನ್ನ ಮಂದಿಗಿ ತೋರಸ್ರಿ.”

ಅವನು ಮುಂಡಾಸಿನವನ ತೋಳು ಬಿಚ್ಚಿ ಬೇರೆ ತೋಳು ಕೊರೆದು ಕೂಡಿಸಿದ. ಸಂಜೆ ದೀಪ ಹಚ್ಚಿ ಪರದೆ ಕಟ್ಟಿದ. ದ್ರೌಪದಿ ಕರೆಯದೆಯೇ ಬಂದು ಅವನ ಪಕ್ಕದಲ್ಲಿ ಕೂತಳು. ಹರಗೋಲು ವಾಲಿತು, ಹುಡುಗಿ ಜಾರಿದಳು, ಮುಂಡಾಸಿನವನು ಎರಡೂ ಕೈಯಿಂದ ಗಂಟು ತಬ್ಬಿಕೊಂಡಿದ್ದ. ಜನಕ್ಕೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಛೀ ಎಂದು ಎದ್ದು ಹೋದವರೂ ಇದ್ದರು. ಮಗಳ ಮಾತಿನ ಸರದಿ ಬಂದಾಗ ಖಂಡಪ್ಪ ಗೊಂಬೆಯನ್ನಷ್ಟೇ ಆಡಿಸಿದ. ಆಗ ದ್ರೌಪದಿ ಮಗಳ ದನಿಯಲ್ಲಿ ಮಾತಾಡಿದಳು:

“ಅಪ್ಪಾ, ನನ್ನ ಕೈ ಬಿಡು. ಗಂಟು ಹಿಡಿ, ದೇವ್ರು ನೀರಾಗ ಬೀಳ್ತಾವ.”

ಅದು ಅವನು ಕಟ್ಟಿದ ಮಾತಲ್ಲ. ಅವತ್ತು ಮಗಳೇ ಆಡಿದ್ದು; ಹೊಳೆಯ ಅಬ್ಬರದಲ್ಲಿ ಅವನಿಗೆ ಕೇಳಿರಲಿಲ್ಲ, ಮಗ್ಗುಲಲ್ಲಿದ್ದ ತಾಯಿಗೆ ಕೇಳಿತ್ತು. ಹೇಳಿದರೆ ಅವನ ಸಂಕಟ ಹಗುರಾದೀತೆಂದು ಸಿಟ್ಟಿನಿಂದ ಒಳಗೇ ಇಟ್ಟುಕೊಂಡಿದ್ದಳು. ಅವನು ನಿಜ ತೋರಿಸಿದ ಮೇಲೆ ತನ್ನದನ್ನು ಬಚ್ಚಿಡಲು ಅವಳಿಗೆ ಆಗಲಿಲ್ಲ.

ಅವನ ಸಂಕಟವೇನೂ ಹಗುರಾಗಲಿಲ್ಲ. ಗೊಂಬೆ ಕೆಳಗಿಟ್ಟು ಗೋಣು ಹಾಕಿ ಕೂತ.

“ಹಂಗ ಅನ್ನಾಕ ಆಕಿಗಿ ಕಲಿಸಿದಾಂವ ನಾನಽ,” ಎಂದ.

“ಇಬ್ರೂ ಕೂಡಿ ಕಲಿಸೇವ್ರಿ,” ಎಂದಳು ದ್ರೌಪದಿ.