ದ್ವೀಪದವರ ಹೆಬ್ಬೆರಳು

ಅಥವಾ ಆ ದ್ವೀಪದವರು ಟೋಪಿಯನ್ನೇ ಹಾಕಿರಲಿಲ್ಲವೇನೋ. ಆ ಬಿಳಿ ಟೋಪಿಯನ್ನು ಆಮೇಲೆ ಯಾವುದೋ ಫೋಟೋದಿಂದ ತೆಗೆದು ಅವರ ತಲೆಗಿಟ್ಟವನು ನಾನೇ ಇರಬಹುದು. ಯಲಿಯೂರಿನ ಹತ್ತಿರದ ಆಲೆಮನೆಗೆ ಅವರು ಬಂದದ್ದಂತೂ ನಿಜ. ಯುದ್ಧ ಮುಗಿದಿತ್ತು, ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಕಬ್ಬಿನ ಫಾರಂ ನೋಡಲು ಬಂದಿದ್ದ ಅವರು ವೆಸ್ಟ್ ಇಂಡೀಸಿನ ಒಂದು ಪುಟ್ಟ ದ್ವೀಪದವರು. ಬಿಳಿ ದೊರೆಗಾಗಿ ಕಾದಿದ್ದ ನಮ್ಮವರು, ತಮಗಿಂತ ಕಪ್ಪಗಿದ್ದವರನ್ನು ಕಂಡು ಸಂಕೋಚ ಬಿಟ್ಟರು. ಇಂಟರ್‌ಮೀಡಿಯೆಟ್ ಓದುತ್ತಿದ್ದ ನಾನೇ ದುಭಾಷಿ.

ಅಪ್ಪ ಅಲ್ಲಿ ಪಾಕ ನೋಡುವವನು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಬೆಲ್ಲದ ಹದಕ್ಕೆ ಬಂತೆಂದು ದೂರದಿಂದ ನೊರೆ ನೋಡಿಯೇ ಹೇಳುವುದು ಅವನ ಹೆಮ್ಮೆ. ಆ ವರ್ಷ ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ದಿನ ಎರಡು ಕೊಪ್ಪರಿಗೆ ಸೀದಿದ್ದವು.

"ಇವತ್ತೂ ಕೆಡಿಸುದ್ರೆ ನಾಳಿಂದ ಬೇರೆಯೋನ್ನ ಕರುಸ್ತೀನಿ ಕಣಯ್ಯ" ಎಂದು ಆಲೆಮನೆ ಯಜಮಾನರು ಎಲ್ಲರೆದುರೇ ಹೇಳಿದ್ದರು.

ಅಪ್ಪ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. ಅತಿಥಿ ಅದನ್ನು ಗಮನಿಸಿದರು. ಕೋಲೊಂದನ್ನು ಅದ್ದಿ, ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದರು. ಎಳೆ ಬೇಗ ಹರಿಯಿತು. ಹದ ಇನ್ನೂ ಬಂದಿಲ್ಲ ಎಂದರು. ತಮ್ಮ ಮುತ್ತಜ್ಜ ಗುಲಾಮನಾಗಿ ಸಕ್ಕರೆ ಕುದಿಸುತ್ತಿದ್ದನಂತೆ. ಪಾಕ ಕೆಟ್ಟಾಗಲೆಲ್ಲ ಚಾಟಿಯೇಟು ತಿಂದು ಬೆರಳಲ್ಲೇ ಹದ ಕಲಿತನಂತೆ. ಕಟಾವು ಮುಗಿದ ದಿನ ಕೊನೆಯ ಗಾಡಿಗೆ ಹೂ ಸುತ್ತಿ, ಡೋಲು ಬಡಿದು ಕುಣಿಯುತ್ತಿದ್ದರಂತೆ. ನಾನು ಹಾಗೆ ಅನುವಾದಿಸಿದೆ. ಅವರ ಇಂಗ್ಲಿಷು ನನಗೆ ತಿಳಿದದ್ದು ಅರ್ಧ. ಉಳಿದರ್ಧ ನನ್ನದೇ ಇರಬಹುದು.

"ಏಟು ತಿಂದು ಕಲ್ತನಾ? ನಮ್ಮಪ್ಪನೂ ನಂಗೆ ಬಾರ್ಸಿಯೇ ಕಲ್ಸಿದ್ದು ಅನ್ನು ಅವ್ರಿಗೆ" ಎಂದ ಅಪ್ಪ.

ಅಂದೆ. ಅವರು ನಕ್ಕು, "ಹೊಡೆದವರು ಆಮೇಲೆ ಊಟಕ್ಕೆ ಕರೆಯುತ್ತಿದ್ದರೇ?" ಎಂದರು.

"ಕರೀತಿದ್ದ ಬುದ್ದಿ. ಮುದ್ದೆ ಮ್ಯಾಲೆ ಬೆಣ್ಣೆ ಆಕಿ." ಅಷ್ಟು ಹೇಳಿ ಅಪ್ಪ ಅತಿಥಿಯ ಪಕ್ಕಕ್ಕೆ ಸರಿದ. ಕೈ ಒಡ್ಡಿದ. "ಎಲ್ಲಿ, ನಂಗೂ ಒಂದ್ ಅನಿ ಬುಡಿ."

ಇಬ್ಬರೂ ಅಕ್ಕಪಕ್ಕ ನಿಂತು ಎಳೆ ಎಳೆದರು, ಬೆರಳು ಸುಟ್ಟಾಗ ಬಾಯಿಗಿಟ್ಟುಕೊಂಡರು, ಮತ್ತೆ ಎಳೆದರು.

"ಇಳುಸ್ರಲಾ!"

ಬೆಲ್ಲ ಹೊಂಬಣ್ಣಕ್ಕೆ ಕೂತಿತು. ಯಜಮಾನರು ಒಂದು ಚೂರು ಬಾಯಿಗೆ ಹಾಕಿಕೊಂಡು, "ನಾಳೆ ಬೆಳಿಗ್ಗೇನೆ ಬಂದ್ಬುಡಯ್ಯ" ಎಂದರು. ಆಮೇಲೆ ಅಪ್ಪ ನೊರೆಯನ್ನು ನಂಬಲಿಲ್ಲ, ಬೆರಳನ್ನೇ ನಂಬಿದ.

ಕೊಪ್ಪರಿಗೆ ಇಳಿಸಿರೆಂದು ಕೂಗಿದ್ದು ಅಪ್ಪ, ಅದು ಖಂಡಿತ. ಅದಕ್ಕೆ ಮುಂಚೆ ಅತಿಥಿ ತಲೆಯಾಡಿಸಿದ್ದರೋ, ಅಪ್ಪನ ಬೆರಳಿಗೇ ತಿಳಿಯಿತೋ, ನನಗೆ ಗೊತ್ತಿಲ್ಲ. ಆ ದ್ವೀಪದ ಹೆಸರೂ ಗೊತ್ತಿಲ್ಲ.